ಫಿಲಿಡಿಯಾ ವೆರಿಕೋಸಾ: ಬೆನ್ನಿನ ಬಣ್ಣ ಕಂಡರೆ ಸಾಲದು, ಅಂಗಾಲನ್ನೂ ನೋಡಿ

ದಸರಾ ರಜೆ ಮುಗಿದ ವಾರ, ಬೇಸಿಗೆ ರಜೆ ಮುಗಿದ ವಾರ, ಹೀಗೆ ವರ್ಷಕ್ಕೆ ಎರಡು ಬಾರಿಯಾದರೂ ಮೈಸೂರು ಮತ್ತು ಮಂಡ್ಯದ ಓದುಗರಿಂದ ನನಗೆ ಒಂದೇ ಬಗೆಯ ಚಿತ್ರಗಳು ಬರುತ್ತವೆ. ಅಂಡಮಾನಿನಲ್ಲೋ ಲಕ್ಷದ್ವೀಪದಲ್ಲೋ ಹವಳದ ದಿಬ್ಬದ ಮೇಲೆ ತೆಗೆದ ಚಿತ್ರ. ಅದರಲ್ಲಿ ಬೆರಳುದ್ದದ ಒಂದು ಪ್ರಾಣಿ, ಅದರ ಕಪ್ಪು ಮೈಮೇಲೆ ಉದ್ದುದ್ದ ನೀಲಿ ಏರುಗಳು, ಏರುಗಳ ಮೇಲೆ ಸಾಲಾಗಿ ಹಳದಿ ಗುಬುಟುಗಳು. ಜೊತೆಗೆ ‘ಇದು ಯಾವ ಹುಳು?’ ಎಂಬ ಪ್ರಶ್ನೆ. ಹೆಚ್ಚಿನ ಸಲ ಉತ್ತರ ಫಿಲಿಡಿಯಾ ವೆರಿಕೋಸಾ ಎಂದೇ ಆಗಿರುತ್ತದೆ. ಆದರೆ ಈ ‘ಹೆಚ್ಚಿನ ಸಲ’ ಎಂಬುದೇ ತೊಡಕಿನ ಮಾತು. ಅದೇ ವೇಷ ತೊಟ್ಟ ಇನ್ನೂ ನಾಲ್ಕಾರು ಪ್ರಾಣಿಗಳು ಅದೇ ದಿಬ್ಬದಲ್ಲಿ ಇರುತ್ತವೆ, ಮತ್ತು ಅವನ್ನು ಬೇರ್ಪಡಿಸಲು ಬೇಕಾದ ಭಾಗವೇ ಬಂದ ಚಿತ್ರಗಳಲ್ಲಿ ಇರುವುದಿಲ್ಲ. ಎಲ್ಲರೂ ಬೆನ್ನನ್ನು ಮಾತ್ರ ತೆಗೆದಿರುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು, ನೀರಿಗಿಳಿಯುವ ಮುನ್ನ ಏನು ಸಿದ್ಧತೆ ಬೇಕು, ನೀರಿನಲ್ಲಿ ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ಮನೆಗೆ ಬಂದ ಮೇಲೆ ಹೆಸರನ್ನು ಹೇಗೆ ನಿರ್ಧರಿಸಬೇಕು ಎಂಬುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಈ ಪ್ರಾಣಿ ಹುಳುವಲ್ಲ, ಮೃದ್ವಂಗಿ. ನಮ್ಮ ಹಿತ್ತಲಿನ ಬಸವನಹುಳುವಿನ ದೂರದ ಸಂಬಂಧಿ. ಬೆಳೆದ ಮೇಲೆ ಬೆನ್ನಿನ ಮೇಲೆ ಚಿಪ್ಪು ಇರುವುದಿಲ್ಲ, ಅಷ್ಟೇ. ಈ ಗುಂಪಿಗೆ ನ್ಯೂಡಿಬ್ರಾಂಕ್ ಎಂದು ಹೆಸರು, ಅಂದರೆ ‘ಬತ್ತಲೆ ಕಿವಿರಿನವು’ ಎಂದು ಅರ್ಥ. ಡೈವಿಂಗ್ ಗೈಡ್‌ಗಳು ಇವನ್ನು ಚುಟುಕಾಗಿ ‘ನ್ಯೂಡಿ’ ಎನ್ನುತ್ತಾರೆ, ನೀವೂ ಹಾಗೆಯೇ ಕೇಳಿದರೆ ಬೇಗ ಅರ್ಥವಾಗುತ್ತದೆ. ಫಿಲಿಡಿಯಾ ವೆರಿಕೋಸಾ ಎಂಬ ಹೆಸರನ್ನು ಫ್ರೆಂಚ್ ವಿಜ್ಞಾನಿ ಲಮಾರ್ಕ್ 1801ರಲ್ಲಿ ಕೊಟ್ಟರು. ಹೆಸರಿನ ಎರಡನೆಯ ಭಾಗ ನಿಮಗೆ ಹೊಸದೇನಲ್ಲ: ಕಾಲಿನಲ್ಲಿ ನರ ಉಬ್ಬಿಕೊಂಡಾಗ ವೈದ್ಯರು ಹೇಳುವ ‘ವೆರಿಕೋಸ್ ವೇನ್ಸ್’ ಎಂಬಲ್ಲಿನ ಪದವೇ ಅದು. ಬೆನ್ನಿನ ಮೇಲಿನ ಉಬ್ಬಿದ ಏರುಗಳನ್ನು ನೋಡಿ ಹಾಗೆ ಕರೆದಿದ್ದಾರೆ. ಕೆಂಪು ಸಮುದ್ರದಿಂದ ಹಿಂದೂ ಮಹಾಸಾಗರವನ್ನು ದಾಟಿ ಪೆಸಿಫಿಕ್‌ನ ನಡುಭಾಗದವರೆಗೆ ಇದು ಹರಡಿಕೊಂಡಿದೆ. ನಮ್ಮ ದೇಶದಲ್ಲಿ ಲಕ್ಷದ್ವೀಪ ಮತ್ತು ಅಂಡಮಾನ್ ಇದನ್ನು ನೋಡಲು ತಕ್ಕ ಜಾಗಗಳು.

ಮೊದಲು ಕೆಲವು ಪದಗಳು

ಮುಂದೆ ಪದೇ ಪದೇ ಬರುವ ಪದಗಳನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಪ್ರಾಣಿಯ ಬೆನ್ನನ್ನು ಪೂರ್ತಿ ಮುಚ್ಚಿಕೊಂಡು ಅಂಚಿನಲ್ಲಿ ಸೂರಿನಂತೆ ಚಾಚಿಕೊಂಡಿರುವ ದಪ್ಪ ಚರ್ಮಕ್ಕೆ ಮ್ಯಾಂಟಲ್ ಎನ್ನುತ್ತಾರೆ. ನಾನು ‘ಹೊದಿಕೆ’ ಎನ್ನುತ್ತೇನೆ. ತಲೆಯ ಕಡೆ ಹೊದಿಕೆಯನ್ನು ತೂರಿಕೊಂಡು ಮೇಲೆ ನಿಲ್ಲುವ ಎರಡು ಗಿಡ್ಡ ಕೋಲುಗಳು ರೈನೋಫೋರ್‌ಗಳು, ಅಂದರೆ ನೀರಿನಲ್ಲಿನ ವಾಸನೆಯನ್ನು ಹಿಡಿಯುವ ಅಂಗಗಳು. ಇವನ್ನು ‘ಕೊಂಬು’ ಎಂದು ಕರೆಯೋಣ. ಬೆನ್ನಿನ ಮೇಲಿನ ಗುಂಡನೆಯ ಉಬ್ಬು ‘ಗುಬುಟು’. ಗುಬುಟುಗಳು ಸಾಲಾಗಿ ಬುಡದಲ್ಲಿ ಕೂಡಿಕೊಂಡು ಉದ್ದಕ್ಕೆ ಏರಾದರೆ ಅದು ‘ಬದು’. ಮಂಡ್ಯದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗದ್ದೆಯ ಬದುವಿನ ಮೇಲೆ ಚೆಂಡುಹೂವಿನ ಗಿಡ ಸಾಲಾಗಿ ನೆಟ್ಟಂತೆ ವೆರಿಕೋಸಾದ ಬೆನ್ನು ಕಾಣುತ್ತದೆ. ಬದು ನೀಲಿ ಬೆರೆತ ಬೂದು, ಹೂವು ಹಳದಿ, ನಡುವಿನ ತಗ್ಗು ಕಪ್ಪು. ಕೊನೆಯದಾಗಿ, ಪ್ರಾಣಿ ತೆವಳುವ ಕೆಳಭಾಗವನ್ನು ವಿಜ್ಞಾನಿಗಳು ಪಾದ ಎನ್ನುತ್ತಾರೆ. ಅದರ ನೆಲಕ್ಕೆ ತಾಗುವ ಮೇಲ್ಮೈ ‘ಅಂಗಾಲು’. ಈ ಲೇಖನದ ಗುಟ್ಟೆಲ್ಲ ಅಲ್ಲಿಯೇ ಇದೆ.

ಏನೇನು ಬೇಕು?

ಹತ್ತಿರದಿಂದ ತೆಗೆದರೂ ಸ್ಪಷ್ಟವಾಗಿ ಬರುವ ನೀರಿನಡಿಯ ಕ್ಯಾಮೆರಾ, ಒಂದು ಸಣ್ಣ ಟಾರ್ಚು, ಸೆಂಟಿಮೀಟರ್ ಗುರುತಿರುವ ಪ್ಲಾಸ್ಟಿಕ್ ಪಟ್ಟಿ, ಇಷ್ಟು ಸಾಕು. ಪಟ್ಟಿ ಇಲ್ಲದಿದ್ದರೆ ನಿಮ್ಮ ಕಿರುಬೆರಳಿನ ಉದ್ದವನ್ನು ಮೊದಲೇ ಅಳೆದಿಟ್ಟುಕೊಂಡರೂ ಆಗುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಗೋಪ್ರೋ ಮಾದರಿಯ ಆಕ್ಷನ್ ಕ್ಯಾಮೆರಾಗಳು ಒಂದು ಅಡಿಗಿಂತ ಹತ್ತಿರದ ವಸ್ತುವನ್ನು ಸಾಮಾನ್ಯವಾಗಿ ಸ್ಪಷ್ಟವಾಗಿ ಹಿಡಿಯುವುದಿಲ್ಲ. ಹತ್ತಿರ ಹೋದಷ್ಟೂ ಚಿತ್ರ ಮಸುಕಾಗುತ್ತದೆ, ದೂರ ಉಳಿದರೆ ಆರು ಸೆಂಟಿಮೀಟರಿನ ಪ್ರಾಣಿ ಕಡಲೆಕಾಳಿನಷ್ಟಾಗುತ್ತದೆ. ಅಂಥ ಕ್ಯಾಮೆರಾ ಇದ್ದರೆ ಹತ್ತಿರದ ಚಿತ್ರಕ್ಕೆಂದೇ ಮುಂದೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಬೇಕು. ಎರಡನೆಯದು ಮೊಬೈಲು. ನೀರು ತಾಗಿದರೂ ಕೆಡದು ಎಂದು ಡಬ್ಬಿಯ ಮೇಲೆ ಬರೆದಿರುವ ಐಪಿ68 ಗುರುತು ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಗೆ ಸಂಬಂಧಿಸಿದ್ದು. ಉಪ್ಪುನೀರಿನಲ್ಲಿ ಅದನ್ನು ನಂಬಿ ಮೊಬೈಲನ್ನು ಇಳಿಸಬೇಡಿ.

ಹಂತ 1: ಮನೆಯಲ್ಲಿಯೇ ಅಭ್ಯಾಸ ಮಾಡಿ

ಮೈಸೂರಿಗೆ ಕಡಲಿಲ್ಲ ನಿಜ, ಆದರೆ ಅಂಗಾಲು ನೋಡುವುದನ್ನು ಕಲಿಯಲು ಕಡಲು ಬೇಕಾಗಿಯೂ ಇಲ್ಲ. ಮಳೆಗಾಲದ ರಾತ್ರಿ ಕಾಂಪೌಂಡಿನ ಬುಡದಲ್ಲಿ, ಹೂಕುಂಡದ ಅಡಿಯಲ್ಲಿ, ಬಚ್ಚಲ ನೀರು ಹರಿಯುವ ಕಡೆ ಕಪ್ಪು ಅಥವಾ ಗಾಢ ಕಂದು ಬಣ್ಣದ, ಚಪ್ಪಟೆ ಮೈಯ, ಬೆನ್ನಿನ ನಡುವೆ ಉದ್ದಕ್ಕೂ ಒಂದು ತೆಳುಬಣ್ಣದ ಗೆರೆಯಿರುವ, ಚಿಪ್ಪಿಲ್ಲದ ಜೀವಿಯೊಂದು ತೆವಳುತ್ತಿರುತ್ತದೆ. ಲೀವಿಕಾಲಿಸ್ ಆಲ್ಟೆ ಎಂಬುದು ಅದರ ಹೆಸರು. ಅದನ್ನು ಒಂದು ಎಲೆಯ ಸಹಾಯದಿಂದ ಎತ್ತಿ ಗಾಜಿನ ಬಟ್ಟಲಿಗೆ ಬಿಡಿ. ಅದು ತೆವಳಲು ತೊಡಗಿದಾಗ ಬಟ್ಟಲನ್ನು ಮೇಲೆತ್ತಿ ಕೆಳಗಿನಿಂದ ನೋಡಿ. ನಡುವೆ ಒಂದು ಕಿರಿದಾದ ಪಟ್ಟಿ ಮಾತ್ರ ಅಲೆ ಅಲೆಯಾಗಿ ಚಲಿಸುತ್ತಿರುತ್ತದೆ. ಅದರ ಎರಡೂ ಪಕ್ಕದಲ್ಲಿ ಅಗಲವಾಗಿ ಹರಡಿಕೊಂಡಿರುವುದು ಚಲಿಸುವುದಿಲ್ಲ. ಕಿರಿದಾದ ಪಟ್ಟಿ ಅಂಗಾಲು, ಪಕ್ಕದ್ದು ಹೊದಿಕೆಯ ಒಳಮೈ. ಇವೆರಡರ ಗಡಿ ಎಲ್ಲಿ ಎಂಬುದನ್ನು ಕಣ್ಣು ಒಮ್ಮೆ ಗುರುತಿಸಿಕೊಂಡರೆ ಕಡಲಿನಲ್ಲಿ ಕೆಲಸ ಅರ್ಧ ಮುಗಿದಂತೆ. ಏಕೆಂದರೆ ಫಿಲಿಡಿಯಾದ ಕೆಳಭಾಗದ ವಿನ್ಯಾಸವೂ ಹೆಚ್ಚುಕಡಿಮೆ ಹೀಗೆಯೇ ಇದೆ: ನಡುವೆ ಪಾದ, ಸುತ್ತ ಹೊದಿಕೆಯ ಸೂರು. ವ್ಯತ್ಯಾಸವೆಂದರೆ ಫಿಲಿಡಿಯಾದಲ್ಲಿ ಪಾದಕ್ಕೂ ಸೂರಿಗೂ ನಡುವಿನ ಸಂದಿಯಲ್ಲಿ ಪುಸ್ತಕದ ಹಾಳೆಗಳನ್ನು ಜೋಡಿಸಿದಂತೆ ಕಿವಿರಿನ ಪದರಗಳು ಸಾಲಾಗಿರುತ್ತವೆ, ಹಿತ್ತಲಿನ ಈ ಜೀವಿಯಲ್ಲಿ ಅವಿಲ್ಲ. ಎರಡಕ್ಕೂ ಹತ್ತಿರದ ನಂಟೂ ಇಲ್ಲ; ವಿನ್ಯಾಸ ಮಾತ್ರ ಹೋಲುತ್ತದೆ.

ಬರಿಗೈಯಲ್ಲಿ ಇದನ್ನು ಮುಟ್ಟಬೇಡಿ. ಹಿತ್ತಲಿನ ಇಂಥ ಜೀವಿಗಳಲ್ಲಿ ಮನುಷ್ಯರ ಮಿದುಳಿನ ಪೊರೆಗೆ ಸೋಂಕು ತರಬಲ್ಲ ಪರೋಪಜೀವಿಯೊಂದು ಇರಬಹುದು. ಕೈಯನ್ನೂ ಬಟ್ಟಲನ್ನೂ ಸೋಪು ಹಾಕಿ ತೊಳೆಯಿರಿ, ಆ ಬಟ್ಟಲನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಹಂತ 2: ಗೈಡ್‌ಗೆ ಮೊದಲೇ ತಿಳಿಸಿ

ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಮಾಡುವುದು ತರಬೇತಿ ಇಲ್ಲದವರಿಗಾಗಿ ಇರುವ ಮೊದಲ ಬಾರಿಯ ಡೈವ್. ಅದರಲ್ಲಿ ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಸಾಗುತ್ತಾರೆ, ನಿಮಗೆ ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ ಇರುವುದಿಲ್ಲ, ಚಿತ್ರ ತೆಗೆಯುವವರೂ ಅವರೇ. ಆದ್ದರಿಂದ ದೋಣಿ ಹತ್ತುವ ಮೊದಲೇ ‘ನ್ಯೂಡಿ ಕಂಡರೆ ನಿಲ್ಲಿಸಿ, ಪಕ್ಕದಿಂದಲೂ ಕೆಳಗಿನಿಂದಲೂ ಚಿತ್ರ ಬೇಕು’ ಎಂದು ಹೇಳಿಡಿ. ನೀರಿನೊಳಗೆ ಕೈಸನ್ನೆಯಿಂದ ಇದನ್ನು ವಿವರಿಸಲು ಆಗುವುದಿಲ್ಲ. ಈಜು ಬಲ್ಲವರಾದರೆ ಸ್ನಾರ್ಕೆಲ್ ಹಾಕಿಕೊಂಡು, ಅಂದರೆ ಮುಖವನ್ನು ನೀರಿನಲ್ಲಿಟ್ಟು ಕೊಳವೆಯಿಂದ ಉಸಿರಾಡುತ್ತಾ ನೋಡಿದರೂ ವೆರಿಕೋಸಾ ಸಿಗುತ್ತದೆ, ಏಕೆಂದರೆ ಇದು ತಿಳಿನೀರಿನ ಕಡಿಮೆ ಆಳದ ದಿಬ್ಬಗಳಲ್ಲಿಯೂ ವಾಸಿಸುತ್ತದೆ.

ಹುಡುಕಲು ಕಲ್ಲಿನ ಸಂದುಗಳಲ್ಲಿ ಇಣುಕಬೇಕಾಗಿಲ್ಲ. ವೆರಿಕೋಸಾ ಹಗಲಿನಲ್ಲಿಯೇ, ಬಯಲಿನಲ್ಲಿಯೇ, ಯಾರ ಹಂಗೂ ಇಲ್ಲದಂತೆ ಕುಳಿತಿರುತ್ತದೆ. ಆ ಧೈರ್ಯಕ್ಕೆ ಕಾರಣವಿದೆ. ಕೆರಳಿದಾಗ ಇದು ಸುರಿಸುವ ಲೋಳೆ ಮೀನು ಮತ್ತು ಏಡಿ ಸಿಗಡಿಗಳ ಪಾಲಿಗೆ ವಿಷ ಎಂಬುದು 1963ರಲ್ಲಿಯೇ ವರದಿಯಾಗಿತ್ತು. ಹವಾಯಿಯಲ್ಲಿ ಕೆಲಸ ಮಾಡಿದ ರಸಾಯನಶಾಸ್ತ್ರಜ್ಞರು 1975ರಲ್ಲಿ ಆ ಲೋಳೆಯ ವಿಷವಸ್ತುವನ್ನು ಬೇರ್ಪಡಿಸಿದಾಗ, ಪ್ರಾಣಿ ಅದನ್ನು ತಾನು ತಿನ್ನುವ ಸ್ಪಂಜಿನಿಂದ, ಅಂದರೆ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಸರಳ ಕಡಲಪ್ರಾಣಿಯಿಂದ ಪಡೆಯುತ್ತದೆ ಎಂಬುದೂ ಗೊತ್ತಾಯಿತು. ಸ್ಪಂಜನ್ನು ಇದು ಅಗಿಯುವುದಿಲ್ಲ. ಬಸವನಹುಳುಗಳ ಬಾಯಲ್ಲಿರುವ ಅರದಂಥ ನಾಲಗೆ ಫಿಲಿಡಿಯಾ ಕುಟುಂಬದವುಗಳಿಗೆ ಇಲ್ಲವೇ ಇಲ್ಲ. ಆಹಾರವನ್ನು ಕರಗಿಸಿ ಹೀರಿಕೊಳ್ಳುತ್ತವೆ. ಹಾಗಾಗಿ ಸ್ಪಂಜು ಬೆಳೆದಿರುವ ಬಂಡೆ ಕಂಡರೆ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನೋಡಿ.

ಹಂತ 3: ಇದು ನ್ಯೂಡಿಬ್ರಾಂಕ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಎಡವುವುದೂ ಇಲ್ಲಿಯೇ. ವಿಷವಿರುವ ಪ್ರಾಣಿಯ ವೇಷ ಹಾಕಿಕೊಂಡರೆ ತಮ್ಮನ್ನೂ ಮೀನುಗಳು ಬಿಟ್ಟುಬಿಡುತ್ತವೆ ಎಂಬ ಲಾಭ ಇರುವುದರಿಂದ, ಫಿಲಿಡಿಯಾಗಳನ್ನು ಹೋಲುವ ಬೇರೆ ಪ್ರಾಣಿಗಳು ದಿಬ್ಬದಲ್ಲಿವೆ.

ಮೊದಲನೆಯದು ಕಡಲಸೌತೆಯ ಮರಿ. ಪಿಯರ್‌ಸೊನೊಥೂರಿಯಾ ಗ್ರೇಫೈ ಎಂಬ ಕಡಲಸೌತೆ ಬೆಳೆದ ಮೇಲೆ ಮೊಳಕೈಯುದ್ದದ, ಮಾಸಲು ಬಣ್ಣದ ಪ್ರಾಣಿ. ಯಾರೂ ಅದನ್ನು ಫಿಲಿಡಿಯಾ ಎಂದುಕೊಳ್ಳುವುದಿಲ್ಲ. ಆದರೆ ಮರಿಯಾಗಿದ್ದಾಗ ಅದು ಬೆರಳುದ್ದ ಇದ್ದು, ಬಿಳಿ ನೀಲಿ ಬಣ್ಣದ ಮೈಮೇಲೆ ಕಪ್ಪು ಗೆರೆ, ಹಳದಿ ಮುಳ್ಳುಗಳನ್ನು ಹೊತ್ತು ವೆರಿಕೋಸಾದ ಪಡಿಯಚ್ಚಿನಂತೆ ಕಾಣುತ್ತದೆ. ನಾನೇ ಒಮ್ಮೆ ಓದುಗರೊಬ್ಬರಿಗೆ ‘ವೆರಿಕೋಸಾ’ ಎಂದು ಬರೆದು ಕಳುಹಿಸಿ, ಎರಡು ದಿನಗಳ ಬಳಿಕ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕೊಂಬುಗಳೇ ಇಲ್ಲದಿರುವುದು ಕಂಡು ಕ್ಷಮೆ ಕೇಳಿದ್ದೇನೆ. ಗುರುತು ಅಷ್ಟೇ: ಕಡಲಸೌತೆಗೆ ಕೊಂಬುಗಳಿಲ್ಲ. ಅದರ ಹಳದಿ ಉಬ್ಬುಗಳು ಗುಂಡಗಿರದೆ ಚೂಪಾಗಿ ಹೊರಚಾಚಿರುತ್ತವೆ, ಮತ್ತು ಅದು ಅಂಗಾಲಿನ ಮೇಲೆ ಜಾರುವುದಿಲ್ಲ, ಕೆಳಗಿರುವ ಸಣ್ಣ ಸಣ್ಣ ಕೊಳವೆಗಾಲುಗಳ ಮೇಲೆ ಸಾಗುತ್ತದೆ.

ಎರಡನೆಯದು ಚಪ್ಪಟೆ ಹುಳುಗಳು. ಇವು ಹಪ್ಪಳದಷ್ಟು ತೆಳುವಾಗಿರುತ್ತವೆ, ಅಂಚು ಅಲೆಯಾಡುತ್ತದೆ, ಫಿಲಿಡಿಯಾಕ್ಕಿಂತ ಬಹಳ ಚುರುಕಾಗಿ ಜಾರಿಕೊಂಡು ಹೋಗುತ್ತವೆ. ತಲೆಯಲ್ಲಿ ಕೊಂಬಿನಂತೆ ಕಾಣುವುದು ಅಂಚಿನ ಮಡಿಕೆಯೇ ಹೊರತು ಹೊದಿಕೆಯನ್ನು ತೂರಿ ಬಂದ ಕೋಲಲ್ಲ. ಫಿಲಿಡಿಯಾ ಗಟ್ಟಿ ಮೈಯ, ನಿಧಾನದ ಪ್ರಾಣಿ. ಅರ್ಧ ನಿಮಿಷ ನೋಡಿದರೆ ಸಂಶಯ ಉಳಿಯುವುದಿಲ್ಲ.

ಇನ್ನೊಂದು ಮಾತು. ನ್ಯೂಡಿಬ್ರಾಂಕ್ ಎಂದರೆ ಬೆನ್ನಿನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರು ಇರಲೇಬೇಕು ಎಂದು ಓದಿಕೊಂಡು ಬಂದವರು ವೆರಿಕೋಸಾದ ಬೋಳು ಬೆನ್ನನ್ನು ನೋಡಿ ಗೊಂದಲಕ್ಕೀಡಾಗುತ್ತಾರೆ. ಆಗಲೇ ಹೇಳಿದಂತೆ ಈ ಕುಟುಂಬದಲ್ಲಿ ಕಿವಿರು ಸೂರಿನ ಅಡಿಯಲ್ಲಿದೆ. ಬೆನ್ನಿನ ಮೇಲೆ ಹೂವಿನಂಥ ಕಿವಿರು ಕಂಡರೆ ಅದು ಫಿಲಿಡಿಯಾ ಅಲ್ಲ.

ಹಂತ 4: ಕೊಂಬಿನ ಬಣ್ಣ ನೋಡಿ

ವೆರಿಕೋಸಾದ ಕೊಂಬು ಹಳದಿ. ಕೊಂಬು ಕಪ್ಪಾಗಿದ್ದು, ಬೆನ್ನಿನ ಗುಬುಟುಗಳು ನಸುಗೆಂಪು ಅಥವಾ ಹಸಿರು ಛಾಯೆಯಲ್ಲಿ ಗುಂಪು ಗುಂಪಾಗಿದ್ದರೆ ಅದು ಫಿಲಿಡಿಯೆಲ್ಲಾ ಪಸ್ಟ್ಯುಲೋಸಾ; ಅಲ್ಲಿಗೆ ವಿಚಾರ ಮುಗಿಯಿತು. ಹತ್ತಿರ ಹೋದಾಗ ಪ್ರಾಣಿ ಕೊಂಬನ್ನು ಒಳಗೆ ಎಳೆದುಕೊಂಡರೆ ಅಲುಗಾಡದೆ ಕಾಯಿರಿ, ಮತ್ತೆ ಹೊರಬರುತ್ತದೆ. ಹೊರಬಂದಾಗ ಒಂದು ಹತ್ತಿರದ ಚಿತ್ರ ತೆಗೆಯಿರಿ: ಕೊಂಬಿನ ಮೇಲ್ಭಾಗದ ಸುತ್ತ ಸ್ಕ್ರೂವಿನ ಮರೆಯಂತೆ ಒತ್ತೊತ್ತಾಗಿ ತೆಳು ಮಡಿಕೆಗಳು ಕಾಣುತ್ತವೆ. ಬೆಳೆದ ವೆರಿಕೋಸಾದಲ್ಲಿ ಅವು 30ರ ಆಸುಪಾಸಿನಲ್ಲಿರುತ್ತವೆ. ಅವನ್ನು ಎಣಿಸಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ, ಆದರೆ ಚಿತ್ರವಿದ್ದರೆ ಬಲ್ಲವರು ಎಣಿಸುತ್ತಾರೆ.

ಹಂತ 5: ಬೆನ್ನಿನ ಬದುಗಳನ್ನು ಎಣಿಸಿ

ಇದಕ್ಕೆ ನೇರವಾಗಿ ಮೇಲಿನಿಂದ, ತಲೆಯಿಂದ ಬಾಲದವರೆಗೆ ಪೂರ್ತಿ ಬರುವಂತೆ ತೆಗೆದ ಚಿತ್ರ ಬೇಕು. ವೆರಿಕೋಸಾದಲ್ಲಿ ಉದ್ದುದ್ದ ಬದುಗಳು ಸಾಮಾನ್ಯವಾಗಿ 3ರಿಂದ 6 ಇರುತ್ತವೆ. ಬದು ಮತ್ತು ಗುಬುಟಿನ ಬುಡ ನೀಲಿ ಬೆರೆತ ಬೂದು, ಗುಬುಟಿನ ತುದಿ ಹಳದಿ. ಇಂಗ್ಲಿಷಿನಲ್ಲಿ ಇದಕ್ಕೆ ಇರುವ ಅಡ್ಡಹೆಸರುಗಳಲ್ಲಿ ಒಂದನ್ನು ನಮ್ಮ ಮಾತಿಗೆ ತಂದರೆ ‘ಎಗ್ ಬುರ್ಜಿ’ ಎಂದಾಗುತ್ತದೆ. ನೋಡಿದವರಿಗೆ ಅದು ಒಪ್ಪುತ್ತದೆ.

ಇದರೊಂದಿಗೆ ಕಲಸಿಹೋಗುವ ಮೂರು ಸೋದರ ಪ್ರಭೇದಗಳನ್ನು ಹೀಗೆ ಬೇರ್ಪಡಿಸಿ. ಮೈಯೆಲ್ಲ ಹಳದಿಯಾಗಿದ್ದು, ಕಪ್ಪು ಬಳೆಯ ನಡುವೆ ಬಿಳಿ ಗುಬುಟು ಕೂತಿದ್ದರೆ ಅದು ಫಿಲಿಡಿಯಾ ಒಸೆಲೇಟಾ, ಇದರಲ್ಲಿ ಕಷ್ಟವಿಲ್ಲ. ಗುಬುಟುಗಳು ನಸುಗೆಂಪು ಅಥವಾ ಬಿಳಿಯಾಗಿದ್ದು, ಬದುವಾಗಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿದ್ದರೆ ಫಿಲಿಡಿಯಾ ಎಲೆಗಾನ್ಸ್ ಇರಬಹುದು. ನಿಜವಾದ ತಲೆನೋವು ಫಿಲಿಡಿಯಾ ಸೆಲೆಸ್ಟಿಸ್. ಕೊಂಬು ಹಳದಿ, ಗುಬುಟು ಹಳದಿ, ಬದು ನೀಲಿ, ತಗ್ಗು ಕಪ್ಪು, ಎಲ್ಲವೂ ವೆರಿಕೋಸಾದಂತೆಯೇ. ಸೆಲೆಸ್ಟಿಸ್‌ನ ಬದುಗಳು ಕಡಿಮೆ, ಸಾಮಾನ್ಯವಾಗಿ ಮೂರು. ಬಣ್ಣ ಬೂದಿಗಿಂತ ಆಕಾಶನೀಲಿಗೆ ಹತ್ತಿರ. ಹೆಸರಿನ ಅರ್ಥವೂ ಆಕಾಶದ್ದು ಎಂದೇ. ಗಾತ್ರದಲ್ಲಿಯೂ ಅದು ಚಿಕ್ಕದು, ಸಾಮಾನ್ಯವಾಗಿ 6 ಸೆಂಟಿಮೀಟರ್ ದಾಟುವುದಿಲ್ಲ. ವೆರಿಕೋಸಾ 11 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ.

ಹಾಗಾದರೆ ಬದು ಎಣಿಸಿ, ನೀಲಿಯ ಛಾಯೆ ನೋಡಿ ತೀರ್ಮಾನಿಸಬಾರದೇ? ಬಾರದು. ವೆರಿಕೋಸಾದ ಮರಿಗಳಲ್ಲಿ ಬದುಗಳೂ ಗುಬುಟುಗಳೂ ಕಡಿಮೆ ಇರುವುದರಿಂದ 3 ಸೆಂಟಿಮೀಟರಿನ ವೆರಿಕೋಸಾ ಅಷ್ಟೇ ಉದ್ದದ ಸೆಲೆಸ್ಟಿಸ್‌ನಂತೆಯೇ ಕಾಣಬಹುದು. ಛಾಯೆಯಂತೂ ನೀರಿನೊಳಗೆ ನಂಬಲರ್ಹವಾದ ಸಂಗತಿಯೇ ಅಲ್ಲ. ಸೂರ್ಯನ ಬೆಳಕು ನೀರಿನಲ್ಲಿ ಇಳಿಯುತ್ತಾ ಹೋದಂತೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಹೀಗೆ ಬಣ್ಣಗಳು ಒಂದೊಂದಾಗಿ ಹೀರಿಕೊಳ್ಳಲ್ಪಟ್ಟು, ಸುಮಾರು ಐದು ಮೀಟರಿನಲ್ಲಿಯೇ ಕೆಂಪು ಮಂಕಾಗಿ, ಇನ್ನೂ ಕೆಳಗೆ ಹೋದರೆ ಎಲ್ಲದರ ಮೇಲೂ ನೀಲಿ ಬಳಿದಂತಾಗುತ್ತದೆ. ಬೂದು ಬದು ಆಗ ಅಚ್ಚ ನೀಲಿಯಾಗಿ ಕಾಣುತ್ತದೆ, ಹಳದಿ ಗುಬುಟು ಹಸಿರಿಗೆ ತಿರುಗುತ್ತದೆ, ವೆರಿಕೋಸಾ ನೋಡುನೋಡುತ್ತಲೇ ಸೆಲೆಸ್ಟಿಸ್ ಆಗಿಬಿಡುತ್ತದೆ. ಟಾರ್ಚು ಬೇಕೆಂದದ್ದು ಇದಕ್ಕಾಗಿ. ಹತ್ತಿರದಿಂದ ಬೆಳಕು ಹಾಕಿದಾಗ ನಿಜವಾದ ಬಣ್ಣ ಮರಳುತ್ತದೆ. ಆದರೆ ಬೆಳಕನ್ನು ನೇರವಾಗಿ ಎದುರಿನಿಂದ ಹಾಕಬೇಡಿ, ಹಳದಿ ತುದಿಗಳು ಬೆಳ್ಳಗೆ ಸುಟ್ಟಂತಾಗಿ ವಿವರವೇ ಅಳಿಸಿಹೋಗುತ್ತದೆ. ಪಕ್ಕದಿಂದ ಓರೆಯಾಗಿ ಹಾಕಿದರೆ ಬದುವಿನ ನೆರಳು ತಗ್ಗಿಗೆ ಬಿದ್ದು ಎಣಿಸುವುದೂ ಸುಲಭವಾಗುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ ಬಣ್ಣ ತಿದ್ದಿದ ಚಿತ್ರವನ್ನು ಮಾತ್ರ ಕಳುಹಿಸುವವರಿಗೆ ನನ್ನ ವಿನಂತಿ: ತಿದ್ದದ ಮೂಲ ಚಿತ್ರವನ್ನೂ ಜೊತೆಗೆ ಕಳುಹಿಸಿ.

ಹಂತ 6: ಅಂಗಾಲನ್ನು ನೋಡಿ

ವೆರಿಕೋಸಾದ ಬೂದು ಅಂಗಾಲಿನ ನಡುವೆ ಉದ್ದಕ್ಕೂ ಒಂದು ಕಪ್ಪು ಗೆರೆ ಇದೆ. ಸೆಲೆಸ್ಟಿಸ್‌ನ ಅಂಗಾಲಿನಲ್ಲಿ ಅದಿಲ್ಲ. ಬೆನ್ನು ಎಷ್ಟೇ ಮೋಸ ಮಾಡಲಿ, ಆಳ ಎಷ್ಟೇ ಇರಲಿ, ಮರಿಯೇ ಇರಲಿ, ಗೆರೆ ಇದೆ ಅಥವಾ ಇಲ್ಲ ಎಂಬ ಪ್ರಶ್ನೆಗೆ ಬಣ್ಣದ ಛಾಯೆಯ ಹಂಗಿಲ್ಲ. ಕಪ್ಪು ಯಾವ ಆಳದಲ್ಲಿಯೂ ಕಪ್ಪೇ. ಒಂದು ಎಚ್ಚರಿಕೆ ಮಾತ್ರ ಬೇಕು. ಎಲೆಗಾನ್ಸ್‌ನ ಅಂಗಾಲಿನಲ್ಲಿಯೂ ಇಂಥ ಕಪ್ಪು ಗೆರೆ ಇರುವುದರಿಂದ, ಗೆರೆಯೊಂದನ್ನೇ ನೋಡಿ ‘ವೆರಿಕೋಸಾ’ ಎನ್ನುವಂತಿಲ್ಲ. ಹಂತ 5ರಲ್ಲಿ ನೋಡಿದ ಬದು ಮತ್ತು ಹಳದಿ ಗುಬುಟು, ಹಂತ 6ರಲ್ಲಿ ನೋಡಿದ ಗೆರೆ ಎರಡೂ ಕೂಡಿದಾಗ ಮಾತ್ರ ಹೆಸರು ಗಟ್ಟಿಯಾಗುತ್ತದೆ.

ಇನ್ನು ಅಂಗಾಲನ್ನು ನೋಡುವುದು ಹೇಗೆ? ಪ್ರಾಣಿಯನ್ನು ಕಿತ್ತು ಮಗುಚುವುದು ಸುಲಭದ ದಾರಿ. ಅದನ್ನು ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಹಾಗೆ ಕಿತ್ತಾಗ ಪ್ರವಾಹ ಅದನ್ನು ಆಹಾರವಿಲ್ಲದ ಮರಳಿಗೆ ಒಯ್ದು ಹಾಕಬಹುದು, ಕೆರಳಿದರೆ ವಿಷದ ಲೋಳೆ ಸುರಿಸುತ್ತದೆ. ನೀವು ಹಿಡಿದದ್ದು ಕಡಲಸೌತೆಯ ಮರಿಯೇ ಆಗಿದ್ದರೆ ಕಾನೂನಿನ ತೊಡಕೂ ಇದೆ: ಕಡಲಸೌತೆಗಳೂ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಜೀವಿಗಳು, ಹುಲಿ ಆನೆಗಳಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ‘ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕಿತ್ತು ಮಗುಚದೆಯೂ ನೋಡಲು ಸಾಧ್ಯ, ತಾಳ್ಮೆ ಬೇಕು ಅಷ್ಟೇ. ವೆರಿಕೋಸಾ ಸಮತಟ್ಟಾದ ಬಂಡೆಯ ಮೇಲಿದ್ದರೆ ಅದು ಸಾಗುತ್ತಿರುವ ದಿಕ್ಕನ್ನು ಗಮನಿಸಿ. ಮುಂದೆ ಸಂದು, ಮೂಲೆ ಅಥವಾ ಹವಳದ ಕವಲು ಇದ್ದರೆ ಅಲ್ಲಿಗೆ ತಲುಪಿದಾಗ ಅದು ಮೈಯ ಮುಂಭಾಗವನ್ನು ಗಾಳಿಯಲ್ಲಿ ಕೈಚಾಚಿದಂತೆ ಎತ್ತಿ ಆಚೆಯ ನೆಲೆಯನ್ನು ತಡವುತ್ತದೆ. ಆ ಕೆಲವು ಕ್ಷಣ ಅಂಗಾಲಿನ ಮುಂಭಾಗ ನಿಮ್ಮ ಕಣ್ಣಿಗೆ ತೆರೆದುಕೊಳ್ಳುತ್ತದೆ. ಕ್ಯಾಮೆರಾವನ್ನು ಮೊದಲೇ ಪ್ರಾಣಿಯ ಮಟ್ಟಕ್ಕಿಂತ ತುಸು ಕೆಳಗೆ ಹಿಡಿದು, ವಿಡಿಯೊ ಚಾಲೂ ಮಾಡಿ ಕಾಯಿರಿ. ಆಮೇಲೆ ಮನೆಯಲ್ಲಿ ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಬಹುದು. ಹಿತ್ತಲಿನ ಬಟ್ಟಲಿನಲ್ಲಿ ಮಾಡಿದ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲಿ. ಕಪ್ಪಾಗಿ ಕಂಡದ್ದು ಅಂಗಾಲಿನ ನಡುವಿನ ಗೆರೆಯೋ, ಪಾದಕ್ಕೂ ಸೂರಿಗೂ ನಡುವಿನ ಸಂದಿಯ ನೆರಳೋ ಎಂಬುದೇ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಗೆರೆ ಒಂದೇ ಇರುತ್ತದೆ, ನಡುಮಧ್ಯದಲ್ಲಿರುತ್ತದೆ. ಸಂದಿಯ ನೆರಳು ಎರಡೂ ಪಕ್ಕದಲ್ಲಿರುತ್ತದೆ ಮತ್ತು ಬೆಳಕು ಹಾಕಿದರೆ ಅಲ್ಲಿ ಕಿವಿರಿನ ಪದರಗಳು ಕಾಣುತ್ತವೆ.

ಪ್ರಾಣಿ ಬಂಡೆಯ ಚಾಚಿನ ಅಡಿಮೈಯಲ್ಲಿ ತಲೆಕೆಳಗಾಗಿ ತೆವಳುತ್ತಿದ್ದರೆ ಅಂಗಾಲು ಸಿಗುವುದಿಲ್ಲ, ಅದಕ್ಕಾಗಿ ಚಾಚಿನ ಕೆಳಗೆ ನುಗ್ಗಬೇಡಿ. ಚಿತ್ರದ ಆಸೆಗೆ ಮಂಡಿಯೂರಿ ಹವಳ ಮುರಿಯುವವರನ್ನೂ, ಒಂದೇ ಕಡೆ ನಿಂತು ಜೊತೆಗಾರರಿಂದ ಬೇರೆಯಾಗುವವರನ್ನೂ ಗೈಡ್‌ಗಳು ಬೈಯುವುದು ಸರಿಯಾಗಿಯೇ ಇದೆ. ಗಾಳಿ ತುಂಬಿದ ಸಿಲಿಂಡರಿನ ಮಾಪಕವನ್ನು ನೋಡುವುದು ಅಂಗಾಲು ನೋಡುವುದಕ್ಕಿಂತ ಮುಖ್ಯ.

ಹಂತ 7: ಮನೆಗೆ ಬಂದ ಮೇಲೆ

ದಿನಾಂಕ, ಜಾಗ, ಆಳ, ಉದ್ದ ಇಷ್ಟನ್ನು ಅದೇ ಸಂಜೆ ಬರೆದಿಡಿ, ರೈಲು ಹತ್ತಿದ ಮೇಲೆ ಆಳ ನೆನಪಿರುವುದಿಲ್ಲ. ಚಿತ್ರಗಳನ್ನು ಐನ್ಯಾಚುರಲಿಸ್ಟ್‌ಗೆ, ಅಂದರೆ ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಕ್ಕೆ ಹಾಕುವುದು ಒಳ್ಳೆಯದು. ಅಲ್ಲಿ ಚಿತ್ರ ಹಾಕಿದ ಕೂಡಲೇ ಯಂತ್ರ ಕೆಲವು ಹೆಸರುಗಳನ್ನು ಸೂಚಿಸುತ್ತದೆ. ಆದರೆ ಯಂತ್ರವೂ ನಿಮ್ಮಂತೆ ಬೆನ್ನನ್ನು ಮಾತ್ರ ನೋಡಿದೆ ಎಂಬುದನ್ನು ಮರೆಯಬೇಡಿ. ಮೊದಲು ಬಂದ ಹೆಸರನ್ನು ಒತ್ತಿಬಿಡುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಬೆನ್ನು, ಕೊಂಬು, ಅಂಗಾಲು ಮೂರೂ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ. ಮೂರು ಬೇರೆ ಬೇರೆ ದಾಖಲೆ ಮಾಡಿದರೆ ಅವು ಒಂದೇ ಪ್ರಾಣಿಯವು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಹಳೆಯ ಪುಸ್ತಕಗಳಲ್ಲಿ ‘ಫಿಲಿಡಿಯಾ ಅರಾಬಿಕಾ’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ, ಅದೂ ವೆರಿಕೋಸಾವೇ. ಈಗ ಚಾಲ್ತಿಯಲ್ಲಿರುವ ಹೆಸರು ಯಾವುದು ಎಂದು ನೋಡಲು ವರ್ಮ್ಸ್ ಎಂದು ಕರೆಯಲಾಗುವ ಕಡಲ ಜೀವಿಗಳ ಜಾಗತಿಕ ಹೆಸರುಪಟ್ಟಿ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಅಂಗಾಲಿನ ಚಿತ್ರ ಸಿಗದೇ ಹೋದರೆ ಏನು ಮಾಡಬೇಕೆಂಬುದು ಉಳಿದ ಪ್ರಶ್ನೆ. ಪ್ರಾಣಿ 7 ಸೆಂಟಿಮೀಟರಿಗಿಂತ ಉದ್ದವಿದ್ದು, ಬದುಗಳು ಐದಾರು ಇದ್ದು, ಕೊಂಬು ಹಳದಿಯಾಗಿದ್ದರೆ ವೆರಿಕೋಸಾ ಎಂದು ಬರೆಯಲು ನನ್ನ ಅಡ್ಡಿಯಿಲ್ಲ. ಚಿಕ್ಕದಿದ್ದು, ಮೂರೇ ಬದುಗಳಿದ್ದರೆ ಕುಲದ ಹೆಸರನ್ನು ಮಾತ್ರ ಬರೆದು ನಿಲ್ಲಿಸಿ. ನನಗೆ ಕಳುಹಿಸುವಾಗ ಟಿಪ್ಪಣಿ ಈ ರೀತಿ ಇದ್ದರೆ ಸಾಕು: ‘ಫಿಲಿಡಿಯಾ, ಪ್ರಭೇದ ನಿರ್ಧರಿಸಿಲ್ಲ. ಉದ್ದ ಸುಮಾರು 3 ಸೆಂ.ಮೀ., ಆಳ 8 ಮೀ., ಕೊಂಬು ಹಳದಿ, ಬದು 3, ಟಾರ್ಚು ಹಾಕಿ ತೆಗೆದದ್ದು, ಅಂಗಾಲು ಕಂಡಿಲ್ಲ.’